ಶನಿವಾರದ ಟ್ರಂಕ್ ಕಾಲ್

‘ಆರಾಮ’ ಎಂಬ ಮಾತು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಕಡೆ ಯಾರು ಹೇಗಿದ್ದೀರಿ ಎಂದು ಕೇಳಿದರೂ, ಜ್ವರದಲ್ಲಿ ಬೇಯುತ್ತಿದ್ದರೂ ಸರಿ, ‘ಆರಾಮ ಅದೇವ್ರಿ’ ಅನ್ನಬೇಕು. ದೊಡ್ಡವರು ಕೇಳಿದರಂತೂ ಬೇರೆ ಉತ್ತರವೇ ಇಲ್ಲ. ಈ ಹಾಳು ಸಭ್ಯತೆ ನನ್ನ ಅತ್ತೆಯ ಜೀವವನ್ನೇ ತೆಗೆಯುವುದರಲ್ಲಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಾಲಹಳ್ಳಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಗಂಡ ಬೈಲಹೊಂಗಲದಲ್ಲಿ ಮಾಸ್ತರ. ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು, ಗಂಡನ ಅಣ್ಣ. ಅತ್ತೆಯ ಹೃದಯಕ್ಕೆ ಬಲ ಉಳಿದಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಕಾಲಿನಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅದು ಉಚ್ಚೆಯಲ್ಲಿ ಹೋಗಲೆಂದು ದಿನಕ್ಕೆ ಎರಡು ಗುಳಿಗೆ. ವಾರವಾರ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದರೆ ಆ ದಣಿವೇ ಆಕೆಯನ್ನು ಕೊಲ್ಲುತ್ತದೆ, ಅದರ ಬದಲು ಶನಿವಾರ ಫೋನು ಮಾಡಿರಿ ಎಂದಿದ್ದರು ಆ ಪುಣ್ಯಾತ್ಮ. ಬಾವು ಎಲ್ಲಿಯವರೆಗೆ ಏರಿದೆ, ಮಲಗಲು ಎಷ್ಟು ದಿಂಬು ಬೇಕು, ದಿನಕ್ಕೆ ಎಷ್ಟು ಸಲ ಉಚ್ಚೆಗೆ ಹೋಗುತ್ತಾರೆ, ಇಷ್ಟು ಹೇಳಿದರೆ ಗುಳಿಗೆ ಏರಿಸುವುದೋ ಇಳಿಸುವುದೋ ಅಲ್ಲಿಂದಲೇ ಹೇಳುತ್ತಿದ್ದರು.

ಇದನ್ನೆಲ್ಲ ನೋಡುತ್ತಿದ್ದವಳು ನಾನು. ಆದರೆ ಫೋನು ಇದ್ದದ್ದು ರಾಮದುರ್ಗದ ಒಂದು ದಲಾಲಿ ಅಂಗಡಿಯಲ್ಲಿ. ಅಷ್ಟು ಜನ ಗಂಡಸರು ಗಾದಿಯ ಮೇಲೆ ಕುಳಿತ ಜಾಗಕ್ಕೆ ಸೊಸೆ ಹೋಗುವುದುಂಟೇ? ಭಾವನವರೇ ಹೋಗುತ್ತಿದ್ದರು. ನಾನು ಬಾಗಿಲ ಮರೆಯಿಂದ ಹೇಳಿಕೊಟ್ಟದ್ದಕ್ಕೆಲ್ಲ ಹೂಂ ಹೂಂ ಎಂದು ಹೋದವರು, ಒಂದು ಶನಿವಾರ ಬಂದು ‘ಡಾಕ್ಟರು ಇನ್ನ ಒಂದ ಗುಳಗಿ ಸಾಕಂದ್ರು’ ಎಂದರು. ನನಗೆ ಅರ್ಥವಾಗಲಿಲ್ಲ. ಬಾವು ಏರುತ್ತಿದೆ, ಗುಳಿಗೆ ಇಳಿಯುತ್ತಿದೆ! ಎರಡು ವಾರದಲ್ಲಿ ಅತ್ತೆಗೆ ಮಲಗಲೂ ಆಗದೆ ಹೋಯಿತು.

ಮುಂದಿನ ಶನಿವಾರ, ಬಳೆ ಇಡಿಸಿಕೊಳ್ಳಬೇಕೆಂದು ನೆವ ಹೇಳಿ ನಾನೂ ಬಸ್ಸು ಹತ್ತಿದೆ. ಅಂಗಡಿಯ ಕಟ್ಟೆಯ ಕೆಳಗೆ ನಿಂತುಕೊಂಡೆ. ಟ್ರಂಕ್ ಕಾಲ್ ಬುಕ್ ಮಾಡಿ ಒಂದು ತಾಸು ಕಾದ ಮೇಲೆ ಬೆಳಗಾವಿಗೆ ಕರೆ ಸಿಕ್ಕಿತು. ಭಾವನವರು ಎದ್ದು ನಿಂತು, ಕಾಣದ ಡಾಕ್ಟರಿಗೆ ಕೈ ಮುಗಿದು ಒದರತೊಡಗಿದರು.

“ನಮಸ್ಕಾರ್ರೀ ಸಾಹೇಬ್ರ! ಅವ್ವ ಆರಾಮ ಅದಾಳ್ರಿ! ಬಾವು? ಎಲ್ಲಾ ಇಳದೈತ್ರಿ, ನಿಮ್ಮ ಕೈಗುಣ ದೊಡ್ಡದ್ರಿ!”

ನನ್ನ ಪಿತ್ತ ನೆತ್ತಿಗೇರಿತು. ಚಪ್ಪಲಿ ಬಿಡುವುದನ್ನೂ ಮರೆತು ಕಟ್ಟೆ ಹತ್ತಿ ಅವರ ಕೈಯಿಂದ ಫೋನು ಕಸಿದುಕೊಂಡೆ.

“ಸುಳ್ಳ್ರೀ ಡಾಕ್ಟರ! ಬಾವು ಮೊಣಕಾಲ ದಾಟೇತಿ. ಮಲಗಾಕ ಆಗವಲ್ದು, ಗ್ವಾಡಿಗೆ ಆತು ಕುಂತ ದಮ್ಮ ಎಳ್ಯಾಕ ಹತ್ಯಾರ. ನಿನ್ನಿ ಹಗಲೆಲ್ಲಾ ಎರಡ ಸರ್ತಿ ಉಚ್ಚಿ ಹೋಗ್ಯಾರ, ಅದೂ ಒಂದೀಟ!”

“ಯಾರಮ್ಮ ನೀವು?” ಎಂದರು ಡಾಕ್ಟರು.

“ಸೊಸಿ ರೀ. ಅವರನ್ನ ನೋಡಿಕೊಳ್ಳಾಕಿ ನಾನ.”

“ಆರಾಮ ಆರಾಮ ಅಂದಿದ್ದಕ್ಕೇ ನಾನು ಗುಳಿಗೆ ಇಳಿಸಿದ್ದು! ಇವತ್ತಿನಿಂದಲೇ ಮತ್ತೆ ಎರಡು ಕೊಡಿ. ಮಂಗಳವಾರದೊಳಗೆ ಇಳಿಯದಿದ್ದರೆ ಕಾರು ಮಾಡಿಕೊಂಡು ಬಂದುಬಿಡಿ. ಇನ್ನು ಮೇಲೆ ನೀವೇ ಮಾತಾಡಬೇಕು.”

ಬಸ್ಸಿನಲ್ಲಿ ಭಾವನವರು ಕಿಡಿಕಿಡಿಯಾಗಿದ್ದರು. “ಅಷ್ಟ ಮಂದಿ ಮುಂದ ಮರ್ಯಾದಿ ಕಳದಿ. ಔಷಧ ಹತ್ತಿಲ್ಲ ಅಂದ್ರ ಅಷ್ಟ ದೊಡ್ಡ ಡಾಕ್ಟರಿಗೆ ಏನ ಅನಸಬೇಕು?”

“ನಿಮ್ಮ ಮರ್ಯಾದಿ ತೇದು ಅತ್ತಿಗೆ ಕುಡಸೂಣೇನ್ರಿ ಭಾವಾರ?” ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹೆದರಿಕೆಯಾಗಲಿಲ್ಲ, ಇನ್ನಷ್ಟು ಅನ್ನಬೇಕಿತ್ತು ಅನಿಸಿತು.

ಮನೆಗೆ ಬಂದರೆ ಅತ್ತೆಯದೇ ಬೇರೆ ರಗಳೆ. ಭಾವನವರು ನನಗಿಂತ ಮೊದಲೇ ಒಳಗೆ ಹೋಗಿ ಅವರಿಗೆ ಎಲ್ಲ ಒಪ್ಪಿಸಿದ್ದರು. “ಗಂಡಸೂರ ಮುಂದ ನನ್ನ ಉಚ್ಚಿ ಮಾತ ಆಡಿದೇನ? ಅದನ್ನ ಹೇಳಬ್ಯಾಡಂತ ಅವಗ ನಾನ ಆಣಿ ಹಾಕಿದ್ದೆ!” ಎಂದು ಮುಖದ ಮೇಲೆ ಸೆರಗು ಎಳೆದುಕೊಂಡು ಅತ್ತರು. ಅಯ್ಯ ಶಿವನೇ, ಯಾರ ಮೇಲೆ ಸಿಟ್ಟಾಗಲಿ ನಾನು? ದಮ್ಮು ಕಟ್ಟಿ ಸಾಯುವವರಿಗೆ ಸಾವಿಗಿಂತ ನಾಚಿಕೆ ದೊಡ್ಡದಾಗಿತ್ತು! “ಹೌದು, ಆಡೇನಿ. ಮುಂದಿನ ಶನಿವಾರನೂ ಆಡತೇನಿ” ಎಂದು ಎರಡು ಗುಳಿಗೆ ಕೈಯಲ್ಲಿಟ್ಟೆ. ನುಂಗಿದರು, ಆದರೆ ನನ್ನೊಡನೆ ಮಾತು ಬಿಟ್ಟರು.

ಮಂಗಳವಾರದ ಹೊತ್ತಿಗೆ ಬಾವು ಪಾದಕ್ಕೆ ಇಳಿದಿತ್ತು. ಆಗಲೂ ಮಾತಿಲ್ಲ. ಶನಿವಾರ ನಾನು ಸೀರೆ ಬದಲಿಸಿ ಹೊಸ್ತಿಲು ದಾಟುವಾಗ ಹಿಂದಿನಿಂದ ಅತ್ತೆಯ ದನಿ ಬಂತು.

“ಏ, ನಿಂದರ. ನಿನ್ನಿ ಆರ ಸರ್ತಿ. ನೀ ಹಿತ್ತಲದಾಗ ಇದ್ದಾಗ ಮತ್ತೊಂದ ಸರ್ತಿ ಹೋಗೇನಿ, ಏಳಂತ ಹೇಳ. ಮತ್ತ ಫೋನು ಅವನ ಕೈಯಾಗ ಕೊಡಬ್ಯಾಡ.”