ಹಂಚು ಇಳಿಸಿದ ಜಾಗ

ರೊಟ್ಟಿ ಸುಡುವ ಬಿಸಿ ಹಂಚನ್ನು ಒಲೆಯಿಂದ ಇಳಿಸಿ ಕೆಳಗಿಟ್ಟ ಕೂಡಲೇ ಚುರ್ ಎಂದು ಡಾಂಬರಿನ ಹೊಗೆ ಎದ್ದಿತು. ಗಾಬರಿಯಲ್ಲಿ ಹಂಚು ಎತ್ತಿದರೆ, ಅದರ ಅಡಿಯಿಂದ ನೀರು ಬುಳುಬುಳು ಉಕ್ಕತೊಡಗಿತು. ನಮ್ಮ ಹರಿಗೋಲು ಆಗ ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನ ನಟ್ಟನಡುವೆ ಇತ್ತು.

ತೊಂಬತ್ತರ ದಶಕದ ಮಾತು. ಮದುವೆಯಾಗಿ ಮೂರು ವಾರವಾಗಿತ್ತು. ಮೀನು ಹಿಡಿಯುವ ಗಂಡನ ಜೊತೆ ಅಡುಗೆ, ಊಟ, ನಿದ್ದೆ ಎಲ್ಲ ಹರಿಗೋಲಿನಲ್ಲೇ. ಕೂಡ್ಲಿಗಿಯ ಒಣನೆಲದಲ್ಲಿ ಬೆಳೆದ ನನಗೆ, ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದ ಆ ತಳವೂ ಮನೆಯ ನೆಲದಂತೆಯೇ ಕಂಡಿತ್ತು!

ಗಂಡ ಬಲೆ ಬಿಟ್ಟು ಪಾತ್ರೆಯಲ್ಲಿ ನೀರು ಮೊಗೆದು ಚೆಲ್ಲತೊಡಗಿದ. ನಾನು ಅಳುತ್ತಿದ್ದೆ. ಅಷ್ಟರಲ್ಲಿ ಆಚೆ ಹರಿಗೋಲಿನಿಂದ ಹಿರಿಯಳಾದ ಹುಲಿಗೆಮ್ಮ ಕೂಗಿದಳು: "ಏ ಹುಡುಗಿ, ನಾದಿದ ಹಿಟ್ಟು ತೂತಿಗೆ ಒತ್ತಿ ಮ್ಯಾಲ ಕುಂದ್ರು. ನಾವು ಬರೋತನಕ ಏಳಬ್ಯಾಡ!"

ಜೋಳದ ಹಿಟ್ಟಿನ ಮುದ್ದೆಯನ್ನು ಒತ್ತಿ ಅದರ ಮೇಲೆ ಕುಳಿತೇಬಿಟ್ಟೆ. ನೀರು ಜಿನುಗುವಷ್ಟಕ್ಕೆ ಇಳಿಯಿತು. ಮೂರು ಹರಿಗೋಲಿನವರು ಬಂದು, ನಮ್ಮದನ್ನು ನಡುವೆ ಕಟ್ಟಿಕೊಂಡು ದಡ ಮುಟ್ಟಿಸಿದರು.

ದಡದಲ್ಲಿ ಗಂಡ ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಅಡ್ಡ ಬಂದಳು. "ಬೈಬ್ಯಾಡಪ್ಪಾ. ಹೊಸದಾಗಿ ಬಂದಾಗ ನಾನು ಇಂಥವು ಎರಡು ಸುಟ್ಟೀನಿ." ಎಲ್ಲರೂ ನಕ್ಕರು. ಗಂಡನೂ ನಕ್ಕ ಮೇಲೆಯೇ ನನಗೆ ಉಸಿರು ಬಂತು. ಹಿಟ್ಟು ನೀರುಪಾಲಾಗಿತ್ತು, ಅಂದು ಅವರದೇ ರೊಟ್ಟಿ ಉಂಡೆವು.

ಈಗ ನಮ್ಮದು ಸಿಮೆಂಟ್ ನೆಲದ ಮನೆ. ಆದರೂ ಬಿಸಿ ಹಂಚು ಇಳಿಸುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಪಕ್ಕದಲ್ಲಿ ಯಾರ ಹರಿಗೋಲಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ.