ಬಸ್ಸಿನ ತಗಡಿನ ಮೇಲೆ ಜೋಡಿ ಏಟು

ಗೆಳೆಯರೇ, ಇವತ್ತು ಡ್ರಮ್ ಅಭ್ಯಾಸ ಮಾಡಲು ಹೋಗಿ ಬಸ್ಸನ್ನೇ ಹೊರಡಿಸಿಬಿಟ್ಟೆ. ಡ್ರಮ್ ಕಲಿಸುವ ಸರ್ ಕೊಟ್ಟ ಹೊಸ ವರಸೆ: ಬಲಗೈ, ಎಡಗೈ, ಆಮೇಲೆ ಬಲಗೈಯಲ್ಲೇ ಜೋಡಿ ಏಟು. ಹಾಡಿನ ಯಾವ ಸಂದಿಗೂ ಕೂಡುತ್ತದಂತೆ. ಕಲಬುರಗಿ ಬಸ್ ಕಮಲಾಪುರದಲ್ಲಿ ನಿಂತಾಗ ಕಿಟಕಿ ಕೆಳಗಿನ ತಗಡಿನ ಮೇಲೆ ಬಾರಿಸಿದೆ. ಬಸ್ಸಿಗೆ ಒಂದು ಏಟು ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಡ್ರೈವರ್ ಹೊರಟೇಬಿಟ್ಟ. ನೀರು ಕುಡಿಯಲು ಇಳಿದಿದ್ದ ಕಂಡಕ್ಟರ್ ಯಾರದೋ ಬೈಕ್ ಹತ್ತಿ ಬಂದು ಬಸ್ ಹಿಡಿದ.

"ರೈಟ್ ಕೊಟ್ಟಾಂವ ಯಾವನಲೇ?"

"ನಾನ್ರಿ ಅಣ್ಣಾ. ಡ್ರಮ್ ಕಲಿಲಾಕತ್ತೀನ್ರಿ."

"ಕಲಿಯಪಾ. ನಾ ಒಳಗಿದ್ದಾಗ ಕಲಿ!"

ವರಸೆಯನ್ನು ಎಲ್ಲಿಂದಲಾದರೂ ಶುರು ಮಾಡಬಹುದು ಎನ್ನುತ್ತಾರೆ ಸರ್. ಜೋಡಿ ಮೊದಲು ಬಾರಿಸಿ ಒಂಟಿ ಏಟಿಗೆ ಮುಗಿಸಿದ್ದರೆ ಹೊರಟ ಬಸ್ ಮತ್ತೆ ನಿಲ್ಲುತ್ತಿತ್ತಾ? ಕಂಡಕ್ಟರನನ್ನೇ ಕೇಳಿದೆ. ನನ್ನನ್ನು ಕಿಟಕಿ ಪಕ್ಕದಿಂದ ಎಬ್ಬಿಸಿ ಈಚೆ ಕೂರಿಸಿದ.