ಮೂರನೆಯ ಸಲ ಬಂದ ಗಾಡಿ

ಮಯೂರ್ ವಿಹಾರದಲ್ಲಿ ಮೆಟ್ರೋ ಹತ್ತುವ ಮೊದಲು ಮಹಂತೇಶ್ ಮನೆಗೆ ಫೋನು ಮಾಡಿ, “ಗ್ಯಾಸ್ ಆರಿಸಿದೆಯಾ?” ಎಂದು ಹೆಂಡತಿಯನ್ನು ಕೇಳುತ್ತಾರೆ. “ಇಲ್ಲ, ಅದರ ಮೇಲೇ ನಿಮ್ಮ ಸಾರು ಕುದೀತಾ ಇದೆ” ಎಂದು ರತ್ನಪ್ರಭಾ ದಿನವೂ ಹೇಳುತ್ತಾರೆ. ಆಕೆ ಗಂಡನಿಗೆ ಇಟ್ಟ ಹೆಸರು ಮಹಾತಂಕೇಶ.

ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಲಾರಿಗಳ ಎಂಜಿನ್ ಬಿಚ್ಚಿ ಕಟ್ಟಿದ ಈ ಗದಗಿನ ಮನುಷ್ಯ ಈಗ ಓಖ್ಲಾದ ಗುಲಾಟಿ ಗ್ಯಾರೇಜಿನಲ್ಲಿ ಭಾರಿ ಗಾಡಿಗಳ ವೈದ್ಯರು. ದೆಹಲಿಯ ಕನ್ನಡಿಗರ ಕಾರು ಕೆಮ್ಮಿದರೆ, “ನಮ್ಮ ಮಹಂತೇಶ್ ಇದಾರಲ್ಲ” ಎನ್ನುವುದು ವಾಡಿಕೆ. ಆ ‘ನಮ್ಮ’ ಎನ್ನುವುದು ಅವರಿಗೆ ಪದಕಕ್ಕಿಂತ ದೊಡ್ಡದು. ನಿದ್ದೆ ಕೆಡಿಸುವುದೂ ಅದೇ.

ಜನವರಿಯಲ್ಲಿ ಸುಹಾಸನ ಕಪ್ಪು ಎಸ್‌ಯುವಿ ಮೂರನೆಯ ಸಲ ಬಂತು. ಸುಹಾಸ ಗುರುಗ್ರಾಮದ ಕಂಪನಿಯೊಂದರಲ್ಲಿ ಮ್ಯಾನೇಜರ್. ಹೊಗಳಿಸಿಕೊಳ್ಳಬೇಕಾದ ಗಾಡಿ ಹೊಗೆಯುಗುಳುತ್ತ ನಿಂತಿತ್ತು. ಎಂಜಿನ್ನಿನ ಕಾಯಿಲೆ ಓದುವ ಸ್ಕ್ಯಾನರ್ ಹೇಳಿದ್ದು ಒಂದೇ ಮಾತು: ‘ರಿಚ್’. ಅಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಊಟ ಜಾಸ್ತಿಯಾಗಿ ಉಸಿರು ಸಾಲದ ಶ್ರೀಮಂತರ ಕಾಯಿಲೆ.

ಮೊದಲ ಸಲ ಮಹಂತೇಶ್ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಬದಲಿಸಿದ್ದರು. ಎರಡನೆಯ ಸಲ ಗಾಳಿ ಅಳೆಯುವ ಸೆನ್ಸರ್. ಎರಡು ಸಲವೂ ಗಾಡಿ ವಾರದೊಳಗೆ ವಾಪಸ್.

“ನಾಲ್ಕನೇ ಸಲ ಬಂದರೆ ಸ್ಕ್ಯಾನರ್ ಇಲ್ಲಿಡಿ, ನೀವು ಗಾಡಿ ತೊಳೆಯೋ ವಾಷಿಂಗ್‌ಗೆ ಹೋಗಿ, ಜೀ” ಎಂದರು ಮಾಲೀಕ ಗುಲಾಟಿ ಹಿಂದಿಯಲ್ಲಿ, ಚಹಾ ಬೇಕೇ ಎಂದು ಕೇಳುವಷ್ಟು ಮರ್ಯಾದೆಯಿಂದ.

ಮಹಂತೇಶ್ ಮತ್ತೆ ಎಂಜಿನ್ನಿನ ಮೇಲೆ ಬಾಗಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ನಾಲ್ಕಕ್ಕೆ ನಾಲ್ಕೂ ಆರಿದ ಬತ್ತಿಯ ಹಾಗೆ ಮಸಿ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿಲ್ಲ. ಪೆಟ್ರೋಲಿನ ಒತ್ತಡ ಸರಿಯಾಗಿದೆ. ಇನ್ನು ಉಳಿದದ್ದು ಓಡಿಸಿ ನೋಡುವುದು. ಸುಹಾಸನನ್ನೇ ಸ್ಟೀರಿಂಗಿಗೆ ಕೂರಿಸಿ, ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ನೋಯ್ಡಾದ ಕಡೆ ಹೊರಟರು. ಅರ್ಧ ಗಂಟೆ ಕಳೆದರೂ ಗಾಳಿ, ಪೆಟ್ರೋಲಿನ ಅಂಕಿಗಳು ಏನನ್ನೂ ಬಾಯಿ ಬಿಡಲಿಲ್ಲ.

“ಸ್ವಲ್ಪ ಹೀಟರ್ ಹಾಕಪ್ಪ, ಚಳಿ.”

“ಹಾಕೇ ಇದೆ ಅಂಕಲ್. ಚಳಿಗಾಲ ಶುರುವಾದಾಗಿಂದ ಹೀಗೇ, ಬೆಚ್ಚಗೇ ಬರಲ್ಲ. ಠಂಡ್ ಹೈ, ಏನ್ ಮಾಡೋದು.”

ಮಹಂತೇಶ್ ಕೈಯನ್ನು ಹೀಟರಿನ ಬಾಯಿಗೆ ಹಿಡಿದರು. ಆಮೇಲೆ ಸ್ಕ್ಯಾನರಿನಲ್ಲಿ, ಹೀಟರಿಗೆ ಬಿಸಿ ಕೊಡುವ ಎಂಜಿನ್ ನೀರಿನ ಶಾಖ ನೋಡಿದರು. ತೊಂಬತ್ತು ಡಿಗ್ರಿ ಇರಬೇಕಾದದ್ದು ಐವತ್ತೆರಡು. ಗಾಡಿಯ ಕಂಪ್ಯೂಟರು ಎಂಜಿನ್ ಈಗಷ್ಟೇ ಎದ್ದಿದೆ ಎಂದುಕೊಂಡು, ಚಳಿಗೆ ಮುದುಡಿದ ಮಗುವಿಗೆ ತುತ್ತಿನ ಮೇಲೆ ತುತ್ತು ಇಡುವ ಅಜ್ಜಿಯಂತೆ ಪೆಟ್ರೋಲ್ ಸುರಿಯುತ್ತಿತ್ತು.

“ಗಾಡಿ ತಿರುಗಿಸು.”

ಎಂಜಿನ್ ಬಿಸಿಯಾಗುವ ತನಕ ನೀರನ್ನು ತಡೆದು ನಿಲ್ಲಿಸುವ ಒಂದು ಸಣ್ಣ ವಾಲ್ವ್ ಇರುತ್ತದೆ, ಥರ್ಮೋಸ್ಟಾಟ್. ಗ್ಯಾರೇಜಿನಲ್ಲಿ ಅದರ ಮುಚ್ಚಳ ಬಿಚ್ಚಿದರೆ ಒಳಗೆ ಏನೂ ಇಲ್ಲ.

ಆಗ ನೆನಪಾಯಿತು. ಜೂನ್, ನಲವತ್ತಾರು ಡಿಗ್ರಿ, ಆಶ್ರಮ ಚೌಕದ ಟ್ರಾಫಿಕ್ಕಿನಲ್ಲಿ ಈ ಗಾಡಿ ಕುದ್ದು ನಿಂತಿತ್ತು. ವಾಲ್ವ್ ಸಿಕ್ಕಿಹಾಕಿಕೊಂಡಿತ್ತು, ಹೊಸದು ಬರಲು ವಾರ ಬೇಕು. ಸುಹಾಸನಿಗೆ ವಿಮಾನದ ಅವಸರ. ದೆಹಲಿಯ ಮೆಕ್ಯಾನಿಕ್‌ಗಳ ಬೇಸಿಗೆ ಮದ್ದು ಒಂದಿದೆ: ವಾಲ್ವನ್ನೇ ಕಿತ್ತುಹಾಕು, ನೀರು ಧಾರಾಳ ಹರಿಯಲಿ. ಕಿತ್ತವರು ಮಹಂತೇಶ್. ಹೊಸ ವಾಲ್ವ್ ಬಂದು, ಡಬ್ಬಿ ಸಮೇತ ಗ್ಯಾರೇಜಿನ ಅಟ್ಟದ ಮೇಲೆ ಕೂತಿತ್ತು. ಮನೆಯ ಗ್ಯಾಸಿನ ಚಿಂತೆಯಲ್ಲಿ ಇದೊಂದು ಚಿಂತೆ ಮಾಡುವುದು ಬಿಟ್ಟುಹೋಗಿತ್ತು.

ಹತ್ತಿರ ಯಾರೂ ಇರಲಿಲ್ಲ. ಹೊಸದನ್ನು ಕೂರಿಸಿ, ನಟ್ಟುಗಳನ್ನು ಮೂರು ಮೂರು ಸಲ ಬಿಗಿದು ನೋಡಿ, ಮತ್ತೊಂದು ಸುತ್ತು ಓಡಿಸಿದರು. ಎಪ್ಪತ್ತು, ಎಂಬತ್ತು, ತೊಂಬತ್ತು. ಹೀಟರ್ ಬಿಸಿ ಕಾರಿತು, ಹೊಗೆ ನಿಂತಿತು. ಈಗ ಸುಹಾಸನಿಗೆ ಏನು ಹೇಳುವುದು? ‘ವಾಲ್ವ್ ಕೆಟ್ಟಿತ್ತು’ ಎಂದರೆ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಆದರೆ ಹೇಳಿದ ಸುಳ್ಳು ಗಟ್ಟಿಯಾಗಿದೆಯೇ ಎಂದು ಆಮೇಲೆ ಬದುಕಿಡೀ ಎಳೆದು ನೋಡುತ್ತಿರಬೇಕು.

ಸುಹಾಸ ಹೊರಗೆ ಚಹಾ ಕುಡಿಯುತ್ತಿದ್ದ. “ಏನಾಗಿತ್ತು ಅಂಕಲ್?”

“ವಾಲ್ವ್ ಇರಲಿಲ್ಲ. ಜೂನ್‌ನಲ್ಲಿ ನಾನೇ ತೆಗೆದಿದ್ದೆ. ಮರೆತೆ.”

“ಮತ್ತೆ ಆ ಎರಡು ಸೆನ್ಸರ್ ಯಾಕೆ ಬದಲಾಯಿಸಿದ್ರಿ?”

“ಹೆದರಿ. ಗೊತ್ತಾಗ್ತಿಲ್ಲ ಅನ್ನೋಕೆ.”

ಸುಹಾಸ ಲೋಟದ ತಳವನ್ನೇ ನೋಡಿದ. “ಗುಲಾಟಿಗೆ ನೀವು ಹೇಳ್ತೀರೋ, ನಾನು ಹೇಳಲೋ?”

ಮಹಂತೇಶರೇ ಹೋದರು. ಗುಲಾಟಿ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು. “ಜೂನ್‌ನಲ್ಲಿ ಹೀಗೆ ಇನ್ನೆಷ್ಟು ಗಾಡಿಗೆ ಕಿತ್ತಿದ್ದೀರಿ?”

ಇದನ್ನು ಮಹಂತೇಶ್ ಯೋಚಿಸಿಯೇ ಇರಲಿಲ್ಲ. ಹಳೆಯ ಜಾಬ್ ಕಾರ್ಡ್‌ಗಳನ್ನು ಹರವಿದಾಗ ಐದು ಸಿಕ್ಕವು, ಐದೂ ‘ನಮ್ಮವರ’ ಗಾಡಿಗಳು.

“ಸ್ಕ್ಯಾನರ್ ನಿಮ್ಮ ಹತ್ತಿರವೇ ಇರಲಿ” ಎಂದರು ಗುಲಾಟಿ. “ಆದರೆ ಮೊದಲು ಫೋನು. ಐದಕ್ಕೂ. ನನ್ನ ಮುಂದೆಯೇ.”

ಮೊದಲನೆಯದು ಲೋಧಿ ಕಾಲೋನಿಯ ದಕ್ಷಿಣಾಮೂರ್ತಿ, ಮಹಂತೇಶರ ಹೆಸರನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುವ ಸರ್ಕಾರಿ ಅಧಿಕಾರಿ.

“ಸರ್, ಮಹಂತೇಶ್. ಗಾಡಿ ಹೇಗಿದೆ?”

“ಫಸ್ಟ್ ಕ್ಲಾಸ್ ಕಣ್ರೀ. ಒಂಚೂರು ಹೊಗೆ, ಅಷ್ಟೇ. ವಯಸ್ಸಾಯ್ತಲ್ಲ, ಮಾರಿಬಿಡೋಣ ಅಂತ. ಗಿರಾಕಿ ಇಲ್ಲೇ ಕೂತಿದಾರೆ. ಯಾಕೆ?”

ಮಹಂತೇಶ್ ಗುಲಾಟಿಯ ಕಡೆ ನೋಡಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

“ಸರ್, ಸಹಿ ಆಗಿಹೋಯ್ತಾ?”